ಮೂರನೆಯ ತೂತು

ಮನೆಗೆ ಬಂದವರು ಈಗ ನೀರು ಕೇಳುವ ಮೊದಲು ಚಾರ್ಜರ್ ಎಲ್ಲಿ ಹಾಕಲಿ ಎಂದು ಕೇಳುತ್ತಾರೆ. ಹೀಗೆ ಬಂದವರಿಗೆಲ್ಲ ಕರೆಂಟು ಬಡಿಸಿ ಬಡಿಸಿ ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯ ಸಾಕೆಟ್ಟು ಸೋತುಹೋಗಿತ್ತು. ಒಳಗಿನ ಹಿತ್ತಾಳೆ ಪಟ್ಟಿ ಅಗಲವಾಗಿ ಪಿನ್ನಿಗೆ ಹಿಡಿತವಿಲ್ಲ. ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಚರಚರ ಸದ್ದು, ಸುಟ್ಟ ವಾಸನೆ.

ಕರೆಂಟಿನ ದಾರಿ ನಮ್ಮ ಕಡೆಗೆ ದೂರವೇ ಇತ್ತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದ ನಮಗೆ ಚಿಮಣಿ, ಕಂದೀಲುಗಳೇ ಗತಿ. ಮುಂದೆ ನಮ್ಮ ಮನೆಗೆ ಬಂದಾಗಲೂ ಬಂದದ್ದು ಬರೀ ದೀಪಕ್ಕೆ. ರೇಡಿಯೋ ಹಚ್ಚಬೇಕೆಂದರೆ ಬಲ್ಬು ಬಿಚ್ಚಿ ಹೋಲ್ಡರಿಗೆ ವೈರು ಸಿಕ್ಕಿಸಬೇಕು. ವಾರ್ತೆ ಬೇಕಾದವರು ಕತ್ತಲಲ್ಲಿ ಕೂರಬೇಕು. ಇದು ನಮ್ಮ ಊರಿನ ಉಪಾಯವೇನಲ್ಲ. ಅಮೆರಿಕದ ಹಾರ್ವೆ ಹಬ್ಬೆಲ್ 1904ರಲ್ಲಿ ಪೇಟೆಂಟು ಪಡೆದ ಪ್ಲಗ್ಗು ಕೂಡ ದೀಪದ ಹೋಲ್ಡರಿನಿಂದಲೇ ಕರೆಂಟು ಎಳೆಯುವಂಥದ್ದು.

ಗೋಡೆಯ ಮೇಲಿನ ಮೂರು ದುಂಡು ತೂತು ಇಂಗ್ಲಿಷರ ಬಳುವಳಿ. ಅವರು 1947ರಲ್ಲಿ ಚೌಕ ಪಿನ್ನಿನ ಹೊಸ ಮಾನಕ ಮಾಡಿಕೊಂಡರು. ನಾವು ಅವರನ್ನು ಕಳಿಸಿದೆವು, ದುಂಡು ಪಿನ್ನನ್ನು ಇಟ್ಟುಕೊಂಡೆವು. ಸಣ್ಣದು 6 ಆಂಪಿಯರಿಗೆ, ದೊಡ್ಡದು 16ಕ್ಕೆ.

ವೈರಿಂಗ್ ಹುಡುಗ ಬಂದು ಮೇನ್ ಸ್ವಿಚ್ ಇಳಿಸಿ, ಟೆಸ್ಟರ್ ಹಚ್ಚಿ ನೋಡಿ, ಸ್ಕ್ರೂ ತಿರುಗಿಸಿದ. ಗೋಡೆಯಿಂದ ಒಂದು ಹಿಡಿ ಮಣ್ಣು, ಅದರ ಹಿಂದೆ ಕಪ್ಪಗಾದ ಸಾಕೆಟ್ಟು ಹೊರಬಂತು. ಕೆಂಪು ವೈರು, ಕಪ್ಪು ವೈರು, ಅಷ್ಟೇ.

“ಅರ್ಥಿಂಗ್ ಎಲ್ಲೈತ್ರಿ ಕಾಕಾರ?”

“ಐತಲ್ಲೋ, ಮ್ಯಾಲಿನ ದೊಡ್ಡ ತೂತು.”

“ತೂತು ಐತ್ರಿ, ವೈರ್ ಇಲ್ಲ.”

ಹೊರಗೆ ಬೋರ್ಡು ತೂಗುಹಾಕಿ ಒಳಗೆ ಡಾಕ್ಟರೇ ಇಲ್ಲದ ದವಾಖಾನೆ ಇದ್ದಂಗಾಯ್ತು. ಆ ಮೇಲಿನ ಪಿನ್ನು ಉದ್ದ ಇರುವುದು ಚಂದಕ್ಕಲ್ಲ. ಎಲ್ಲರಿಗಿಂತ ಮೊದಲು ತಾಗಿ ಎಲ್ಲರಿಗಿಂತ ಕೊನೆಗೆ ಬಿಡಲಿ ಎಂದು. ದಪ್ಪ ಇರುವುದು ತಪ್ಪಿಯೂ ಬೇರೆ ತೂತಿಗೆ ಹೋಗದಿರಲಿ ಎಂದು. ಇಸ್ತ್ರಿಯ ತಗಡಿಗೆ ಫೇಸ್ ತಗುಲಿದರೆ ಕರೆಂಟು ಈ ದಾರಿಯಲ್ಲಿ ಮಣ್ಣಿಗಿಳಿದು ಫ್ಯೂಜ್ ಹಾರಿಸುತ್ತದೆ. ದಾರಿ ಇಲ್ಲದಿದ್ದರೆ ಇಸ್ತ್ರಿ ಹಿಡಿದವರ ಮೈಯೇ ದಾರಿ.

ಹಿತ್ತಲಲ್ಲಿ ಗುಂಡಿ ತೋಡಿ ಪೈಪು ಹೂತು, ಸುತ್ತ ಇದ್ದಿಲು, ಉಪ್ಪು ತುಂಬಿಸಿದ್ದಾಯಿತು. ಅವ್ವ ನಿಂತು ನೋಡಿದಳು. “ಕರೆಂಟಿಗೂ ಉಪ್ಪು ಬೇಕೇನೋ?”

“ಬೇಸಿಗಿಯಾಗ ನೀರೂ ಹಾಕ್ರಿ ಅವ್ವಾರ, ಮಣ್ಣು ಒಣಗಿದ್ರ ಅದು ಕೆಲಸ ಮಾಡಂಗಿಲ್ಲ.”

ಈಗ ತುಳಸಿಗೆ ನೀರು ಹಾಕಿದ ಕೈಯಲ್ಲೇ ಅವ್ವ ಅರ್ಥಿಂಗಿಗೂ ಒಂದು ತಂಬಿಗೆ ಸುರಿಯುತ್ತಾಳೆ.

ಅಂಗಡಿಯಲ್ಲಿ ಸಾಕೆಟ್ಟುಗಳು ಬಣ್ಣಬಣ್ಣದ ಪ್ಲೇಟಿನಲ್ಲಿ ಮಿಂಚುತ್ತವೆ. ಬಣ್ಣ ಆಮೇಲೆ ಆರಿಸಿರಿ. ಹಳೇ ಮನೆಯಾದರೆ, ಬಲ್ಲವರನ್ನು ಕರೆದು ಮೂರನೆಯ ತೂತಿನ ಹಿಂದೆ ಹಸಿರು ವೈರು ಇದೆಯೇ, ಅದು ಮಣ್ಣು ಮುಟ್ಟಿದೆಯೇ ಎಂದು ಮೊದಲು ನೋಡಿಸಿರಿ.