ಟಿವಿಎಸ್‌ಗೆ ಕಾರಿನ ಟೈರ್ ಹಾಕಬಹುದಾ?

ನಮ್ಮ ಕಡೆ ಟಿವಿಎಸ್ ಅಂದರೆ ಎಕ್ಸೆಲ್. ಉಳಿದದ್ದಕ್ಕೆಲ್ಲ ಬೈಕು ಅಂತಲೇ ಹೆಸರು. ಅರಸೀಕೆರೆ ಎಪಿಎಂಸಿಗೆ ತೆಂಗಿನಕಾಯಿ ಹೋಗುವ ದಿನ ಬೆಳಿಗ್ಗೆ ರಸ್ತೆ ಬದಿ ನಿಂತರೆ ಗೊತ್ತಾಗುತ್ತದೆ, ಈ ಸಣ್ಣ ಗಾಡಿ ಮೇಲೆ ಎಷ್ಟು ಹೇರಬಹುದು ಅಂತ. ಹಿಂದೆ ಅಡ್ಡಲಾಗಿ ಒಂದು ಚೀಲ, ಅದರ ಮೇಲೆ ಇನ್ನೊಂದು. ಕೆಲವರು ಮುಂದೆ ಕಾಲಿಡುವ ಜಾಗದಲ್ಲೂ ಒಂದು ಇಟ್ಟು, ಮೊಣಕಾಲು ಆಚೆಗೆ ಚಾಚಿಕೊಂಡು ಹೋಗುತ್ತಿರುತ್ತಾರೆ.

ನಮ್ಮ ಚಿಕ್ಕಪ್ಪನೂ ಇದೇ ಸಾಲಿನವರು. ಅವರ ಗಾಡಿಯ ಹಿಂದಿನ ಟೈರಿನ ಬಟನ್ ಪೂರಾ ಸವೆದು, ಒಂದು ಕಡೆ ನೂಲು ಕಾಣುತ್ತಿತ್ತು. ಆ ಜಾಗದಲ್ಲಿ ಒಳಗೆ ಹಳೆ ಟೈರಿನ ತುಂಡು ಇಟ್ಟು ಟ್ಯೂಬ್ ಹಾಕಿಸಿ ಓಡಿಸುತ್ತಿದ್ದರು. ಅದೇ ಗಾಡಿಯಲ್ಲೇ ಮೊಮ್ಮಗಳನ್ನು ಶಾಲೆಗೆ ಬಿಡುವುದು. ಕೊನೆಗೆ ಪಂಚರ್ ಅಂಗಡಿಯವನೇ “ಇನ್ನು ನಾನು ಮುಟ್ಟಲ್ಲ ಗೌಡ್ರೇ” ಅಂದುಬಿಟ್ಟ. ಚಕ್ರ ಕಳಚಿ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಬಸ್ಸಿನಲ್ಲಿ ಅರಸೀಕೆರೆಗೆ ಹೋದೆವು.

ಟೈರ್ ಅಂಗಡಿ ಮುಂದೆ ಕಾರಿನಿಂದ ಬಿಚ್ಚಿದ ಟೈರುಗಳ ರಾಶಿ. ಚಿಕ್ಕಪ್ಪ ಒಂದನ್ನು ಉರುಳಿಸಿ ಪಕ್ಕದ ಬರಹ ಓದಿದರು: 205/65 ಆರ್ 16. ತಮ್ಮ ಟೈರು ನೋಡಿದರು: 2.50-16.

“ಎರಡೂ 16ನೇ ಅಲ್ವೇನ್ಲಾ? ಕಾರಿಂದು 40 ಸಾವಿರ ಓಡ್ತದೆ ಅಂತಾರೆ. ಇದನ್ನೇ ಹಾಕಿದ್ರೆ ಏನಾಯ್ತದೆ?”

ಅಂಗಡಿ ಹುಡುಗ ನಕ್ಕ. ಆದರೆ ಇದು ನಗುವ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಹೋಂಡಾ ಗೋಲ್ಡ್‌ವಿಂಗ್ ಎಂಬ 1800 ಸಿಸಿಯ ದೊಡ್ಡ ಬೈಕಿನ ಹಿಂದಿನ ಚಕ್ರಕ್ಕೆ ಕಾರಿನ ಟೈರ್ ಹಾಕಿಸಿಕೊಂಡು ಓಡಿಸುವವರು ನಿಜವಾಗಿಯೂ ಇದ್ದಾರೆ. ಅದಕ್ಕೆ ‘ಡಾರ್ಕ್‌ಸೈಡ್’ ಅಂತ ಹೆಸರೂ ಇಟ್ಟುಕೊಂಡಿದ್ದಾರೆ. ಅವರ ಲೆಕ್ಕವೂ ಚಿಕ್ಕಪ್ಪನ ಲೆಕ್ಕವೇ: ಬೈಕ್ ಟೈರು ಬೇಗ ಸವೆಯುತ್ತದೆ, ಕಾರಿನದು ಬಾಳಿಕೆ ಬರುತ್ತದೆ. ಟೈರ್ ಕಂಪನಿಗಳು ಮಾತ್ರ ಬೇಡ ಅನ್ನುತ್ತವೆ.

ನಮ್ಮ ಎಕ್ಸೆಲ್‌ಗೆ ಅದು ಕೂರುವುದೇ ಇಲ್ಲ. 16 ಅನ್ನುವುದು ರಿಮ್ಮಿನ ಅಳತೆ, ಇಂಚಿನಲ್ಲಿ. ಮೊದಲ ಸಂಖ್ಯೆ ಅಗಲ. 205 ಅಂದರೆ 205 ಮಿ.ಮೀ. 2.50 ಅಂದರೆ ಎರಡೂವರೆ ಇಂಚು, ಸುಮಾರು 64 ಮಿ.ಮೀ. ಮೂರು ಪಟ್ಟಿಗೂ ಜಾಸ್ತಿ ಅಗಲದ್ದನ್ನು ಆ ಸಣ್ಣ ರಿಮ್ಮಿಗೆ, ಚೈನಿನ ಪಕ್ಕ, ಎಲ್ಲಿ ತೂರಿಸುವುದು?

ತೂರಿಸಿದರೂ ಆಕಾರ ಬೇರೆ. ಬೈಕ್ ಟೈರಿನ ಮೈ ಕರಟ ಕವುಚಿಟ್ಟ ಹಾಗೆ ಗುಂಡಗಿರುತ್ತದೆ, ಕಾರಿನದು ಮಣೆ ಹಾಗೆ ಚಪ್ಪಟೆ. ಬೈಕು ತಿರುವಿನಲ್ಲಿ ವಾಲುತ್ತದೆ, ಗುಂಡಗಿದ್ದರೆ ವಾಲಿದಾಗಲೂ ರಬ್ಬರ್ ನೆಲ ಹಿಡಿದಿರುತ್ತದೆ. ಚಪ್ಪಟೆ ಟೈರು ವಾಲಿದರೆ ಅಂಚಿನ ಮೇಲೆ ನಿಲ್ಲಬೇಕು. ಪಕ್ಕದಲ್ಲಿ ತೊಟ್ಟಿಲು ಕಟ್ಟಿದ ಮೂರು ಚಕ್ರದ ಬೈಕುಗಳಿಗೆ ಕಾರಿನ ಟೈರು ಹಾಕುವುದುಂಟು, ಏಕೆಂದರೆ ಅವು ವಾಲುವುದಿಲ್ಲ. ಎತ್ತಿನ ಗಾಡಿಯೂ ವಾಲುವುದಿಲ್ಲ. ನಮ್ಮೂರ ಟೈರ್ ಗಾಡಿಗಳಿಗೆ ಕಾರು, ಲಾರಿಯ ಹಳೆ ಟೈರು ಒಗ್ಗಿದ್ದು ಹಾಗೆ. ಎತ್ತಿನ ಗಾಡಿ ಸುಧಾರಣೆಗೇ ಎಷ್ಟೋ ವರ್ಷ ದುಡಿದ ಎನ್. ಎಸ್. ರಾಮಸ್ವಾಮಿ ಯಾರು ಗೊತ್ತಾ? 1973ರಲ್ಲಿ ಶುರುವಾದ ಬೆಂಗಳೂರು ಐಐಎಂನ ಮೊದಲ ನಿರ್ದೇಶಕರು!

ಅಂಗಡಿಯವರು ಹೊಸ ಟೈರು ತಂದಿಟ್ಟರು. ಅದರ ಮೇಲೆ ‘41ಎಲ್’ ಅಂತಿತ್ತು. ಈ 41ರ ಅರ್ಥ ಚಿಕ್ಕಪ್ಪನಿಗೆ ಹೇಳಲೇಬೇಕಿತ್ತು. ಅದು ಟೈರು ಹೊರಬಲ್ಲ ಭಾರದ ಗುರುತು, 41 ಅಂದರೆ 145 ಕೆ.ಜಿ. ಅಲ್ಲೇ ಲೆಕ್ಕ ಹಾಕಿದೆವು. ಸುಲಿದ ಕಾಯಿ ಒಂದಕ್ಕೆ ಅರ್ಧ ಕೆ.ಜಿ. ಅಂದರೂ 200 ಕಾಯಿಗೆ 100 ಕೆ.ಜಿ. ಚಿಕ್ಕಪ್ಪ 60. ಗಾಡಿ ಹತ್ತಿರ ಹತ್ತಿರ 90. ಒಟ್ಟು 250. ಚೀಲ ಎರಡೂ ಹಿಂದೆ. ಐದರಲ್ಲಿ ಮೂರು ಪಾಲು ಹಿಂದಿನ ಚಕ್ರಕ್ಕೆ ಬಿದ್ದರೂ 150 ಆಯಿತು. ಗುಂಡಿಗೆ ಇಳಿದಾಗ ಬೀಳುವ ಏಟು ಬೇರೆ.

“ಇಷ್ಟು ವರ್ಷ ಓಡ್ಸಿಲ್ವೇನ್ಲಾ?” ಅಂದರು. ಓಡಿಸಿದ್ದಾರೆ, ನೂಲು ಕಂಡಿದ್ದೂ ಅದಕ್ಕೇ.

ಇನ್ನೊಂದು ಗಾಳಿ ವಿಷಯ. ಎತ್ತಿ ಹಾಕಬಾರದು ಅಂತ ಚಿಕ್ಕಪ್ಪ ಗಾಳಿ ಕಮ್ಮಿ ಇಡಿಸುತ್ತಾರೆ, ಊರಲ್ಲಿ ಬಹಳ ಜನ ಹಾಗೇ. ಗಾಳಿ ಕಮ್ಮಿಯಿದ್ದು ಭಾರ ಜಾಸ್ತಿಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ, ಕಾವೇರಿ, ಒಳಗಿನ ನೂಲು ಹರಿಯುತ್ತದೆ. ತಿಪಟೂರು ರಸ್ತೆಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಸಿಡಿದರೆ? ಇದನ್ನು ಹೇಳಿದಾಗ ಮಾತ್ರ ಅವರು ಎದುರು ಮಾತಾಡಲಿಲ್ಲ.

ಅಂದ ಹಾಗೆ, ಟೈರ್ ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 1418 ಅಂತಿದ್ದರೆ 2018ರ 14ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಸುಮ್ಮನೆ ತೂಗುಹಾಕಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ನಮಗೆ ಮೊದಲು ಕೊಟ್ಟದ್ದು ತುಂಬ ಹಳೆಯದು, ಕೇಳಿ ಬೇರೆ ತೆಗೆಸಿದೆವು.

ಈಗ ಒಂದು ಸಲಕ್ಕೆ 120 ಕಾಯಿ ಅಂತ ಒಪ್ಪಿದ್ದಾರೆ. ಉಳಿದದ್ದು ಲಗೇಜ್ ಆಟೋಗೆ. ಚೀಲಕ್ಕಿಷ್ಟು ಅಂತ ಅವನು ಕೇಳುವ ಬಾಡಿಗೆ ಬಗ್ಗೆ ಗೊಣಗಾಟ ನಿಂತಿಲ್ಲ. ಕಾಯಿ ರೇಟು ಬಿದ್ದ ವಾರ ಮತ್ತೆ 200 ಹೇರುತ್ತಾರೋ ಏನೋ. ಚೀಲ ಕಟ್ಟುವಾಗ ಎಣಿಸೋಕೆ ಚಿಕ್ಕಮ್ಮನಿಗೆ ಹೇಳಿದ್ದೇನೆ.