ಎಡ ಸೊಂಟದ ಮೇಲಿನ ತಮ್ಮ

'ಕಕ್ಕಿ' ಎಂದರೆ ಕಾಗೆ. 'ಕಕ್ಕಿ' ಎಂದರೆ ಚಕ್ಕುಲಿ ಕೂಡ. ಯಾವುದೆಂದು ತಿಳಿಯಬೇಕಾದರೆ ಅವನ ಕಣ್ಣು ನೋಡಬೇಕಿತ್ತು. ಕಿಟಕಿಯ ಕಡೆ ತಿರುಗಿದ್ದರೆ ಕಾಗೆ, ಅಡುಗೆಮನೆಯ ಗೂಡಿನ ಕಡೆ ತಿರುಗಿದ್ದರೆ ಚಕ್ಕುಲಿ. 'ಜೀ' ಎಂದರೆ ನೀರು. 'ಕೂಬಂಡಿ' ಎಂದರೆ ರೈಲು. 'ಅಬ್ಬುಲು' ಎಂದರೆ ಅಮ್ಮನ ಹಳೇ ನೂಲು ಸೀರೆಯ ಒಂದು ತುಂಡು. ಅದನ್ನು ಮೂಗಿಗೆ ಒತ್ತಿಕೊಳ್ಳದೆ ಅವನು ಮಲಗುತ್ತಿರಲಿಲ್ಲ. ಒಲೆಯ ಮುಂದಿನಿಂದ ಅಮ್ಮ "ಏನಂತೇ ಇವಂದು?" ಎಂದು ಕೂಗುತ್ತಿದ್ದಳು. ನಾನು ಹೇಳುತ್ತಿದ್ದೆ. ಎರಡು ವರ್ಷದ ತಮ್ಮನ ಮಾತನ್ನು ಮನೆಯವರಿಗೆಲ್ಲ ತಿಳಿಸಿ ಹೇಳುವ ಕೆಲಸ ಹತ್ತು ವರ್ಷದ ನನ್ನದಾಗಿತ್ತು. ಆ ಕೆಲಸವನ್ನು ನನಗೆ ಯಾರೂ ಒಪ್ಪಿಸಿದ್ದಲ್ಲ, ತಾನಾಗಿ ಬಂದದ್ದು.

ಮೈಸೂರಿನ ಚಾಮುಂಡಿಪುರಂನಲ್ಲಿ ಒಂದು ವಠಾರದ ಮನೆ. ಶಾಲೆಯಿಂದ ಬಂದು ಚೀಲ ಮೂಲೆಗಿಡುವ ಮೊದಲೇ ಅವನು ಎರಡೂ ಕೈ ಮೇಲೆತ್ತಿ ನಿಂತಿರುತ್ತಿದ್ದ. ಎತ್ತಿ ಎಡ ಸೊಂಟದ ಮೇಲೆ ಕೂರಿಸಿಕೊಂಡರೆ ಅವನ ಒಂದು ಕಾಲು ಹೊಟ್ಟೆಯ ಮುಂದೆ, ಒಂದು ಬೆನ್ನಿನ ಹಿಂದೆ. ಬಲಗೈ ನನ್ನ ಕೆಲಸಕ್ಕೆ. ಹಾಗೇ ಹಿಟ್ಟಿನ ಗಿರಣಿಗೆ, ಹಾಗೇ ಸೀಮೆಎಣ್ಣೆಯ ಸಾಲಿಗೆ, ಹಾಗೇ ಬೀದಿನಲ್ಲಿಗೆ. ನನ್ನ ಲಂಗಗಳೆಲ್ಲ ಎಡಗಡೆಯೇ ಮೊದಲು ಸವೆಯುತ್ತಿದ್ದವು. ನಡೆಯುವಾಗ ಬಲಕ್ಕೆ ವಾಲುತ್ತೇನೆಂದು ಮಗ್ಗಿಯ ಮೇಡಂ ಒಮ್ಮೆ ಹೇಳಿದ್ದರು. ಸಂಜೆ ಕುಂಟೆಬಿಲ್ಲೆ ಆಡುವಾಗ ಅವನನ್ನು ಕೆಳಗಿಳಿಸಿದರೆ ರಚ್ಚೆ ಹಿಡಿಯುತ್ತಿದ್ದ. ಅದಕ್ಕೇ ಅವನನ್ನೂ ಆಟಕ್ಕೆ ಸೇರಿಸಿಕೊಳ್ಳುತ್ತಿದ್ದೆವು, ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನು ಗೆರೆ ತುಳಿದರೂ ಔಟಿಲ್ಲ. ವಠಾರದ ಆರೇಳು ಮನೆಗಳಲ್ಲಿ ಅಂಥ ಲೆಕ್ಕಕ್ಕಿಲ್ಲದವರು ನಾಲ್ಕೈದು ಜನ ಸದಾ ಇರುತ್ತಿದ್ದರು. ರಾತ್ರಿ ಊಟಕ್ಕೆ ಮೊದಲು ಉಪ್ಪಿನಮೂಟೆ. ಬೆನ್ನ ಮೇಲೆ ಹೊತ್ತು ಮನೆಮನೆಗೆ ಹೋಗಿ "ಉಪ್ಪು ಬೇಕಾ ಉಪ್ಪು" ಎಂದು ಕೂಗಬೇಕು. ಒಳಗಿದ್ದವರು ಚೌಕಾಸಿ ಮಾಡಿ, ಅವನ ಹೊಟ್ಟೆ ಒತ್ತಿ ನೋಡಿ, "ಬೇಡಮ್ಮಾ, ನಿಮ್ಮ ಉಪ್ಪು ಒದ್ದೆ" ಎಂದು ವಾಪಸು ಕಳಿಸಬೇಕು. ಯಾರೂ ಕೊಳ್ಳಲಿಲ್ಲ ಎಂಬ ಸಂತೋಷದಲ್ಲಿ ಅವನು ನನ್ನ ಕುತ್ತಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ.

ಹೊರಗೆ ಹೋಗುವುದೆಂದರೆ ವರ್ಷಕ್ಕೊಮ್ಮೆ ದಸರಾ ವಸ್ತುಪ್ರದರ್ಶನ, ನೆಂಟರು ಬಂದಾಗ 1892ರಷ್ಟು ಹಳೆಯ ನಮ್ಮೂರಿನ ಮೃಗಾಲಯ, ಒಂದೆರಡು ಸಲ ಕನ್ನಂಬಾಡಿ. ಅವೆಲ್ಲ ಎಲ್ಲರ ನೆನಪಿನಲ್ಲೂ ಇರುವಂಥವೇ. ನನಗೆ ಹೇಳಬೇಕಿರುವುದು ನಂಜನಗೂಡಿನ ಒಂದು ದಿನದ್ದು.

ನನಗೂ ತಮ್ಮನಿಗೂ ಎಂಟು ವರ್ಷದ ಅಂತರ. ನಡುವೆ ಹುಟ್ಟಿದ ಎರಡು ಉಳಿಯಲಿಲ್ಲ. ಆಗ ಇದು ಅಪರೂಪದ ಮಾತಾಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ದೇಶದಲ್ಲಿ ಹುಟ್ಟುತ್ತಿದ್ದ ಸಾವಿರ ಕೂಸುಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ತುಂಬುವ ಮೊದಲೇ ಹೋಗಿಬಿಡುತ್ತಿದ್ದವು. ಅಮ್ಮ ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ವಿಷವನ್ನೇ ಉಂಡವನು, ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿ ಮಾಡಿ 'ಹಕೀಮ ನಂಜುಂಡ' ಎನಿಸಿಕೊಂಡವನು ಎಂಬ ಪ್ರತೀತಿ ನಮ್ಮ ಕಡೆ ಇದೆ. ಕೂಸು ಉಳಿದರೆ ಮೊದಲ ಮುಡಿ ಅಲ್ಲೇ ಎಂದು ಹರಕೆ. ಉಳಿಯಿತು.

1978ರ ಫೆಬ್ರುವರಿ, ಒಂದು ಸೋಮವಾರ. ತಮ್ಮನಿಗೆ ಎರಡು ತುಂಬಿ ಮೂರಕ್ಕೆ ಬಿದ್ದಿತ್ತು. ನನಗೆ ಶಾಲೆಗೆ ರಜೆ ಹಾಕಿಸಿದರು, ಏಕೆಂದರೆ ಅವನನ್ನು ಹಿಡಿದುಕೊಳ್ಳಲು ನಾನು ಬೇಕೇಬೇಕು. ಬೆಳಗಿನ ಜಾವ ಅಮ್ಮ ಕಲೆಸಿದ ಪುಳಿಯೋಗರೆ, ಮೊಸರನ್ನ, ಮಡಚಿದ ಬಾಳೆಎಲೆ, ಕೂಜದಲ್ಲಿ ನೀರು, ಫ್ಲಾಸ್ಕಿನಲ್ಲಿ ಹಾಲು, ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ, ಒದ್ದೆಯಾದರೆ ಬದಲಿಸಲು ಆರು ಚಡ್ಡಿ. ಚಾಮರಾಜಪುರಂ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಮೀಟರ್ ಗೇಜ್, ಉಗಿ ಎಂಜಿನ್, ಮರದ ಸೀಟು. ಅಶೋಕಪುರಂ, ಕಡಕೊಳ, ತಾಂಡವಪುರ. ಪ್ರತಿ ಸ್ಟೇಷನ್ನಿನಲ್ಲೂ ಅವನು "ಕೂಬಂಡಿ" ಎಂದು ಕೂಗಿದ, ಪ್ರತಿ ಸಲವೂ ಡಬ್ಬಿಯ ಜನ ನಕ್ಕರು. ಕಿಟಕಿಗೆ ಮುಖ ಕೊಟ್ಟು ನಿಂತವನ ಕಣ್ಣಿಗೆ ಇದ್ದಿಲ ಚೂರು ಬಿತ್ತು. ಅಮ್ಮ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಊದಿ ಬೆಚ್ಚಗೆ ಮಾಡಿ, ಕಣ್ಣಿಗೆ ಒತ್ತಿದಳು. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ಮಡಿಲಿನಿಂದ ಕಡಲೆಕಾಯಿ ತೆಗೆದು ಬಿಡಿಸಿ ಅವನ ಬಾಯಿಗಿಟ್ಟಳು. ಯಾವ ಜಾತಿ, ಯಾವ ಊರು ಎಂದು ನಾವು ಕೇಳಲಿಲ್ಲ, ಕೈ ತೊಳೆದಿದ್ದಾಳೋ ಇಲ್ಲವೋ ಎಂದೂ ಕೇಳಲಿಲ್ಲ.

ಊರು ಹತ್ತಿರವಾದಾಗ ಕಪಿಲೆಯ ಮೇಲಿನ ಹಳೇ ಸೇತುವೆ. ದಳವಾಯಿ ದೇವರಾಜಯ್ಯನ ಕಾಲದ್ದು, 1735ರದು. ಆಗ ರೈಲಿಗೂ ರಸ್ತೆಗೂ ಅದೊಂದೇ. ಎತ್ತಿನ ಗಾಡಿ ಹೋದ ಕಲ್ಲಿನ ಮೇಲೇ ನಮ್ಮ ರೈಲು ಮೆಲ್ಲಗೆ ತೆವಳಿತು. ಜನ ನೀರಿಗೆ ಕಾಸು ಎಸೆದು ಕೈಮುಗಿದರು. ತಮ್ಮನ ಕೈಗೂ ಅಪ್ಪ ಐದು ಪೈಸೆ ಕೊಟ್ಟರು. ಅವನು ಅದನ್ನು ಎಸೆಯಲು ಒಪ್ಪಲೇ ಇಲ್ಲ.

ಮುಡಿ ತೆಗೆಯುವ ಕಟ್ಟೆಯಲ್ಲಿ ಸೋದರಮಾವ ತೊಡೆ ಕೊಡಬೇಕು. ಅಮ್ಮನ ಅಣ್ಣ, ನಮ್ಮ ಮಾವ, ಅದಕ್ಕೆಂದೇ ಚಾಮರಾಜನಗರದಿಂದ ಬಂದಿದ್ದರು. ಹೊಸ ಪಂಚೆ ಉಟ್ಟು ಚಕ್ಕಳಮಕ್ಕಳ ಹಾಕಿ ಕೂತರು. ತಲೆಗೆ ಹೊಳೆಯ ನೀರು ಬಿದ್ದದ್ದೇ ತಡ, ಅವನು ಕಿರುಚಿಕೊಳ್ಳಲು ಶುರುಮಾಡಿದ. ಕತ್ತಿ ಹಿಡಿದವನು ಕೈ ತಡೆದ. "ಅಲ್ಲಾಡಬಾರದು ಸ್ವಾಮಿ, ಗಾಯ ಆಗುತ್ತೆ." ಅಪ್ಪ ಬಿಸ್ಕತ್ತು ತೋರಿಸಿದರು. ಮಾವ ರಸಬಾಳೆ ಸುಲಿದರು. ಅಮ್ಮ ಹಾಲಿನ ಲೋಟ ಹಿಡಿದಳು. ಅವನು ಎಲ್ಲವನ್ನೂ ತಳ್ಳಿ ಉಸಿರು ಕಟ್ಟಿ ಒಂದೇ ಮಾತು ಹೇಳುತ್ತಿದ್ದ. ಅಳುವಿನಲ್ಲಿ ಅದು ಮಾತೆಂದೇ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ಛತ್ರಕ್ಕೆ ಓಡಿ, ಬಟ್ಟೆಯ ಗಂಟು ಬಿಚ್ಚಿ, ಅಬ್ಬುಲು ತಂದು ಕೈಗೆ ಕೊಟ್ಟೆ. ಮೂಗಿಗೆ ಒತ್ತಿಕೊಂಡ. ಎರಡು ಸಲ ಬಿಕ್ಕಿದ. ಆಮೇಲೆ ಕಲ್ಲಿನ ಬಸವನ ಹಾಗೆ ಕೂತ. ಕೂದಲು ಮಾವನ ಪಂಚೆಯ ಮೇಲೆ ಸುರುಳಿ ಸುರುಳಿಯಾಗಿ ಬಿತ್ತು. ಬೋಳುತಲೆಗೆ ತಣ್ಣನೆ ಗಂಧ ಸವರಿದಾಗ ಅವನು ಕೈಯಿಂದ ಮುಟ್ಟಿ ನೋಡಿಕೊಂಡು ಗಾಬರಿಯಿಂದ ನನ್ನ ಮುಖ ನೋಡಿದ. ನಾನು ನಕ್ಕೆ. ನಾನು ನಕ್ಕಿದ್ದರಿಂದ ಅವನೂ ನಕ್ಕ.

ಅಂಥ ಅಕ್ಕ ತಮ್ಮಂದಿರು ಈಗ ಕಡಿಮೆಯಾಗುತ್ತಿದ್ದಾರೆ. ಇದು ನನ್ನೊಬ್ಬಳ ಕೊರಗಲ್ಲ, ಲೆಕ್ಕವೂ ಹಾಗೇ ಹೇಳುತ್ತದೆ. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಣ್ಣಿಗೆ ಸರಾಸರಿ 2.85 ಮಕ್ಕಳು. 2019–21ರ ಸಮೀಕ್ಷೆಗೆ ಅದು 1.7. ಒಂದು ತಲೆಮಾರಿನ ಜಾಗಕ್ಕೆ ಇನ್ನೊಂದು ಬಂದು ನಿಲ್ಲಲು ಬೇಕಾದದ್ದು 2.1. ಮಿತ ಸಂತಾನ ನಮ್ಮ ನೆಲಕ್ಕೆ ಹೊಸ ವಿಚಾರವೂ ಅಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತ್ತು. ನಾನು ಚಿಕ್ಕವಳಿದ್ದಾಗ ಬಸ್ಸಿನ ಹಿಂದೆ, ಆಸ್ಪತ್ರೆಯ ಗೋಡೆಯ ಮೇಲೆ, ಎಲ್ಲಿ ನೋಡಿದರೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ. 1993ರಲ್ಲಿ ನನಗೆ ಮಗಳು ಹುಟ್ಟಿದಳು. ನಾನೂ ನನ್ನ ಯಜಮಾನರೂ ಇಬ್ಬರೂ ಕೆಲಸಕ್ಕೆ ಹೋಗುವವರು, ಬಾಡಿಗೆ ಮನೆ. ಒಂದೇ ಸಾಕು ಎಂದುಕೊಂಡೆವು. ಆ ನಿರ್ಧಾರ ತಪ್ಪೆಂದು ಇವತ್ತೂ ನಾನು ಹೇಳುವುದಿಲ್ಲ. ಅಮ್ಮ ಹೆತ್ತು ಕಳೆದುಕೊಂಡ ಎರಡು ಕೂಸುಗಳ ನೋವು ನನಗೆ ಬರಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನನ್ನ ಸೊಂಟದ ಮೇಲಿದ್ದದ್ದು ಒಂದೇ ಮಗು. ಎದುರು ಮನೆಯ ಹುಡುಗಿಯ ಸೊಂಟದ ಮೇಲೆ ಒಂದಾದ ಮೇಲೆ ಒಂದರಂತೆ ನಾಲ್ಕು. ಅವಳು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಳು. ನಾನು ಚೀಲ ಹಾಕಿಕೊಂಡು ಹೋಗುವಾಗ ಜಗಲಿಯ ಮೇಲೆ ಕೂಸನ್ನು ಆಡಿಸುತ್ತಾ ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ಮರೆತು ನಾನು ಹಳೆಯ ಕಾಲವನ್ನು ಹೊಗಳಲಾರೆ. 1975ರ ಅಕ್ಟೋಬರ್ 2ರಂದು ನಂಜನಗೂಡಿನ ಪಕ್ಕದ ತಿರುಮಕೂಡಲು ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದವು. ಚಿಕ್ಕ ಮಕ್ಕಳಿಗೆ ಊಟ, ಚುಚ್ಚುಮದ್ದು ಸಿಕ್ಕಿತು. ಅವುಗಳ ಅಕ್ಕಂದಿರಿಗೆ ಎರಡೂ ಕೈ ಖಾಲಿಯಾಗಿ ಶಾಲೆಗೆ ಹೋಗುವ ದಾರಿ ಸಿಕ್ಕಿತು. ಅದು ನಮ್ಮ ಬೀದಿಗೆ ಇನ್ನೂ ಮೊದಲೇ ಬರಬೇಕಿತ್ತು. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ನಷ್ಟ ಉಳಿಯುತ್ತದೆ. ಅದು ನನಗೆ ಸರಿಯಾಗಿ ಕಂಡದ್ದು ಒಂದು ಬೆಳಗ್ಗೆ.

2024ರಲ್ಲಿ ಮೊಮ್ಮಗನ ಮುಡಿ. ಅದೇ ನಂಜನಗೂಡು. ಬೆಂಗಳೂರಿನಿಂದ ಮಗಳು ಅಳಿಯ ಕಾರಿನಲ್ಲಿ ಬಂದರು, ಮಗು ಹಿಂದಿನ ಸೀಟಿನಲ್ಲಿ ತನ್ನದೇ ಪುಟ್ಟ ಕುರ್ಚಿಯಲ್ಲಿ ಪಟ್ಟಿ ಬಿಗಿದುಕೊಂಡು ಕೂತಿತ್ತು. ಅದು ಸರಿಯಾದದ್ದೇ, ಸುರಕ್ಷಿತವಾದದ್ದೇ. ಹಳೇ ಸೇತುವೆಯ ಮೇಲೆ ಈಗ ರೈಲಿಲ್ಲ. ಬ್ರಾಡ್‌ಗೇಜ್ ಬಂದಾಗ ರೈಲಿಗೆ ಬೇರೆ ಸೇತುವೆಯಾಯಿತು. ಕಟ್ಟೆಯ ಮೇಲೆ ಕತ್ತಿ ಹಿಡಿದವನು, "ಸೋದರಮಾವ ಬನ್ನಿ, ಕೂತ್ಕೊಳ್ಳಿ" ಎಂದ. ಯಾರೂ ಮುಂದೆ ಬರಲಿಲ್ಲ. ಮಗಳು ಒಬ್ಬಳೇ, ಅಳಿಯನೂ ಒಬ್ಬನೇ ಮಗ. ಈ ಮಗುವಿಗೆ ಸೋದರಮಾವ ಇಲ್ಲ, ಚಿಕ್ಕಪ್ಪ ಇಲ್ಲ, ಚಿಕ್ಕಮ್ಮ ಇಲ್ಲ, ಸೋದರತ್ತೆ ಇಲ್ಲ. ಕನ್ನಡದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹೆಸರಿದೆ. ಆ ಹೆಸರಿಟ್ಟು ಕರೆಯಲು ಅವನಿಗೆ ಒಬ್ಬರೂ ಇಲ್ಲ. ಕೊನೆಗೆ ನನ್ನ ತಮ್ಮ ಚಪ್ಪಲಿ ಬಿಟ್ಟು ಹೋಗಿ ಕೂತ. ಮಗಳ ಮುಡಿಗೆ ತೊಡೆ ಕೊಟ್ಟವನೂ ಅವನೇ. ಅವಳ ಮಗನಿಗೂ ಅವನೇ ಆದ.

ತಲೆಗೆ ನೀರು ಬಿದ್ದಾಗ ಮಗು ಅತ್ತಿತು. ಅಳುತ್ತಾ ಒಂದು ಮಾತು ಹೇಳಿತು. "ಮೀಗು." ಮಗಳು ನೀರು ಕೊಟ್ಟಳು. "ಮೀಗು." ಅಳಿಯ ಫೋನಿನಲ್ಲಿ ಹಾಡು ಹಾಕಿದ. "ಮೀಗು." ಮಗಳು ನನ್ನ ಕಡೆ ತಿರುಗಿ, "ಏನಮ್ಮಾ ಅದು, ನಿಂಗೇನಾದ್ರೂ ಗೊತ್ತಾಯ್ತಾ?" ಎಂದಳು. ಐದು ಜನ ದೊಡ್ಡವರು ಸುತ್ತ ನಿಂತಿದ್ದೆವು, ಒಬ್ಬರಿಗೂ ತಿಳಿಯಲಿಲ್ಲ. ದಿನವಿಡೀ ಅವನ ಜೊತೆ ನೆಲದ ಮೇಲೆ ಉರುಳಾಡುವವರು, ಅವನ ಎತ್ತರದಿಂದ ಮನೆಯನ್ನು ನೋಡುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಮಗು ಅತ್ತು ಅತ್ತು ಸುಸ್ತಾಗಿ ಸುಮ್ಮನಾಯಿತು. ಮೀಗು ಎಂದರೆ ಏನೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಈಗ ಅವನು ಚೆನ್ನಾಗಿ ಮಾತಾಡುತ್ತಾನೆ, ಅವನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ.

ಮಗಳ ಫೋನಿನಲ್ಲಿ ಅವನ ಸಾವಿರಾರು ಫೋಟೊ ಇವೆ. ಆ ದಿನದ ವಿಡಿಯೊ ಕೂಡ ಇದೆ, ಅದರಲ್ಲಿ "ಮೀಗು" ಸ್ಪಷ್ಟವಾಗಿ ಕೇಳುತ್ತದೆ. ನನ್ನ ತಮ್ಮನ ಮುಡಿಯದು ಒಂದು ಫೋಟೊ ಕೂಡ ಇಲ್ಲ. ಅಪ್ಪ ಇಲ್ಲ, ಅಮ್ಮ ಇಲ್ಲ, ಮಾವ ಇಲ್ಲ. ಮೂರು ವರ್ಷದೊಳಗಿನದು ಯಾರಿಗೂ ನೆನಪಿರುವುದಿಲ್ಲ. ಅದನ್ನು ನಮ್ಮ ಪರವಾಗಿ ಬೇರೆ ಯಾರೋ ನೆನಪಿಟ್ಟುಕೊಂಡಿರಬೇಕು. ಅಪ್ಪ ಅಮ್ಮ ಅರ್ಧ ದಾರಿಯಲ್ಲೇ ಹೊರಟುಹೋಗುತ್ತಾರೆ. ನಮ್ಮ ಜೊತೆಜೊತೆಗೇ ಮುದುಕರಾಗುತ್ತಾ ಅದನ್ನು ಕಾಯುವವರು ಅಕ್ಕ, ಅಣ್ಣ ಮಾತ್ರ.

ಅವತ್ತು ಸಂಜೆ ಹದಿನಾರು ಕಾಲಿನ ಮಂಟಪದ ಹತ್ತಿರ ಮೆಟ್ಟಿಲ ಮೇಲೆ ಕೂತಿದ್ದಾಗ ತಮ್ಮನನ್ನು ಕೇಳಿದೆ.

"ಅಬ್ಬುಲು ಅಂದ್ರೆ ಏನು ಗೊತ್ತಾ ನಿಂಗೆ?"

"ಇಲ್ವಲ್ಲ. ಏನದು?"

ಹೇಳಿದೆ. ಸೀರೆ ಯಾವ ಬಣ್ಣದ್ದು ಎಂದು ಕೇಳಿದ. ಹಸಿರು, ಸಣ್ಣ ಬಿಳಿ ಚುಕ್ಕೆ ಎಂದೆ. ನಲವತ್ತೆಂಟು ವರ್ಷದ ಗಂಡಸು, ತಲೆಯಲ್ಲಿ ಅರ್ಧ ಕೂದಲಿಲ್ಲ, ಸ್ವಲ್ಪ ಹೊತ್ತು ಹೊಳೆ ನೋಡುತ್ತಾ ಕೂತ. ಆಮೇಲೆ ಮೆಲ್ಲಗೆ, "ಇನ್ನೇನೇನು ಹೇಳ್ತಿದ್ದೆ ಅಕ್ಕಾ ನಾನು?" ಎಂದ.

ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಹದಿನೇಳು ಮಾತು ನೆನಪಾದವು. ಪ್ರತಿಯೊಂದರ ಮುಂದೆ ಅರ್ಥ ಬರೆದು ಅವನಿಗೆ ಅಂಚೆಯಲ್ಲಿ ಕಳಿಸಿದೆ. ನಿಮಗೂ ಅಕ್ಕನೋ ಅಣ್ಣನೋ ಇದ್ದರೆ ಈ ಭಾನುವಾರವೇ ಒಂದು ಫೋನ್ ಮಾಡಿ. ಎರಡು ವರ್ಷದವರಿದ್ದಾಗ ನೀವು ನೀರಿಗೆ ಏನೆನ್ನುತ್ತಿದ್ದಿರಿ, ಕೇಳಿ ಬರೆದಿಟ್ಟುಕೊಳ್ಳಿ.