ಗಣಕಯಂತ್ರವೂ ದಾಸೋಹವೂ

ವಾರಾನ್ನದ ಮನೆಗಳನ್ನು ಅರಸುತ್ತ ಅಲೆಯುತ್ತಿದ್ದ ಹಳ್ಳಿಯ ಬಡ ವಿದ್ಯಾರ್ಥಿಗೆ, ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದ ಬಳಿಕವೇ ಓದು ಕೈಗೆಟುಕಿತು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವ ವೇಳೆಗೆ ಅಲ್ಲಿ ಸುಮಾರು 10,000 ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದುತ್ತಿದ್ದರು. ಹೊಟ್ಟೆಯ ಹಸಿವಿಗೆ ಸಮಾಜವು ಹೀಗೆ ಉತ್ತರ ಕೊಟ್ಟಿತು. ಇಂದಿನ ಮಕ್ಕಳಿಗೆ ಇನ್ನೊಂದು ಹಸಿವೂ ಉಂಟು.

2020ರಲ್ಲಿ ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿದಾಗ ಅದು ಕಣ್ಣಿಗೆ ಕಟ್ಟಿತು. ಚಂದನ ವಾಹಿನಿಯಲ್ಲಿ ಪಾಠಗಳು ಬಿತ್ತರಗೊಂಡವು; ವಿದ್ಯಾಗಮ ಯೋಜನೆಯಡಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ತೆರಳಿದರು. ಆದರೂ ನನಗೆ ಪರಿಚಿತವಾದ ನೇಕಾರರ ಮನೆಯೊಂದರಲ್ಲಿ ಇದ್ದುದು ಒಂದೇ ಮೊಬೈಲು, ಓದುವ ಮಕ್ಕಳು ಮೂವರು. ತಂದೆ ಸಂಜೆ ಮನೆಗೆ ಮರಳಿದ ಮೇಲೆ ಅದು ಮೊದಲು ಹಿರಿಯ ಮಗನಿಗೆ, ಅನಂತರ ಕಿರಿಯವನಿಗೆ. ಒಂಬತ್ತನೆಯ ತರಗತಿಯ ಮಗಳು ರೊಟ್ಟಿ ಬಡಿದು, ಪಾತ್ರೆ ತೊಳೆದು ಬರುವಷ್ಟರಲ್ಲಿ ಮನೆಯವರು ಮಲಗುವ ಹೊತ್ತು. ಅಕ್ಕಮಹಾದೇವಿಯನ್ನು ಅನುಭವ ಮಂಟಪಕ್ಕೆ ಬರಮಾಡಿಕೊಂಡ ಪರಂಪರೆ ನಮ್ಮದೆಂದು ಭಾಷಣಗಳಲ್ಲಿ ಹೇಳಿಕೊಳ್ಳುವ ನಾವು, ಮನೆಯೊಳಗೆ ಹೆಣ್ಣುಮಗಳ ಸರದಿಯನ್ನು ಕೊನೆಗಿಟ್ಟಿದ್ದೇವೆ. ಬಡತನ ಇದಕ್ಕೆ ಅರ್ಧ ಕಾರಣ ಮಾತ್ರ.

ಅಗ್ಗದ ಗಣಕಯಂತ್ರದ ಪ್ರಯತ್ನಗಳು ನಡೆಯದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ 2001ರ ಸುಮಾರಿಗೆ ‘ಸಿಂಪ್ಯೂಟರ್’ ಎಂಬ ಕೈಯಲ್ಲಿ ಹಿಡಿಯುವ ಯಂತ್ರವನ್ನು ರೂಪಿಸಿದರು. ಅದು ಭಾರತೀಯ ಭಾಷೆಗಳಲ್ಲಿ ಬರೆದುದನ್ನು ಓದಿ ಹೇಳುವಂತೆ ಯೋಜಿತವಾಗಿತ್ತು. ನನ್ನ ಮನಸ್ಸನ್ನು ಸೆಳೆದದ್ದು ಅದರ ಇನ್ನೊಂದು ಗುಣ. ಒಂದೇ ಯಂತ್ರವನ್ನು ಊರಿನ ಹಲವರು ಬಳಸಬಹುದು; ಪ್ರತಿಯೊಬ್ಬರೂ ತಮ್ಮ ತಮ್ಮ ಕಾರ್ಡನ್ನು ತೂರಿಸಿದರೆ ಅವರವರ ಬರೆಹ, ಲೆಕ್ಕ ಅವರವರಿಗೆ. ಪಂಕ್ತಿಭೋಜನವನ್ನು ಕಂಡ ನಾಡಿನವರಿಗೆ ಹೊಳೆಯಬೇಕಾದ ಯೋಚನೆಯೇ ಅದು! ಆದರೆ 2004ರಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ 10,000 ರೂಪಾಯಿಯ ಆಸುಪಾಸಿನಲ್ಲಿತ್ತು. ಅಷ್ಟರಲ್ಲಿ ಮೊಬೈಲು ಹಬ್ಬತೊಡಗಿತ್ತು. ಮುಂದೆ 2011ರಲ್ಲಿ ಕೇಂದ್ರ ಸರ್ಕಾರ ‘ಆಕಾಶ್’ ಎಂಬ ಫಲಕವನ್ನು ವಿದ್ಯಾರ್ಥಿಗಳಿಗಾಗಿ ತಂದಿತು. ಸರ್ಕಾರಕ್ಕೆ ಬಿದ್ದ ಬೆಲೆ ಸುಮಾರು 2,250 ರೂಪಾಯಿ. ಬೆಲೆಗೆ ತಕ್ಕಂತೆ ಯಂತ್ರವೂ ಮಂದಗತಿಯದಾಯಿತು. ಬಡವರ ಮಕ್ಕಳಿಗೆ ಇಷ್ಟು ಸಾಕೆಂಬ ಭಾವದಿಂದ ಮಾಡಿದ ಯಾವ ವಸ್ತುವೂ ಬಹುಕಾಲ ಬಾಳಿದ್ದನ್ನು ನಾನು ಕಂಡಿಲ್ಲ.

ಇಂದು ಹಾದಿ ಸುಗಮವಾಗಿದೆ. ಪಟ್ಟಣದಲ್ಲಿರುವ ನಮ್ಮ ಭಕ್ತರ ಮನೆಗಳಲ್ಲಿ, ಅಂಗಡಿ ಕಚೇರಿಗಳಲ್ಲಿ, ಹಳತಾಯಿತೆಂದು ಮೂಲೆಗಿಟ್ಟ ಗಣಕಯಂತ್ರಗಳು ಎಷ್ಟಿಲ್ಲ? ಲಿನಕ್ಸ್ ಎಂಬ ವ್ಯವಸ್ಥೆಯನ್ನು ಯಾರೂ ಶುಲ್ಕವಿಲ್ಲದೆ ಅಳವಡಿಸಿಕೊಳ್ಳಬಹುದು. ಅದರಲ್ಲಿಯೇ ಹಗುರವಾದ ಬಗೆಗಳಿದ್ದು, ಹಳೆಯ ಯಂತ್ರವೂ ಅವುಗಳಿಂದ ಮತ್ತೆ ಕೆಲಸಕ್ಕೆ ಬರುತ್ತದೆ. ಕನ್ನಡದ ಅಕ್ಷರಗಳೂ ಕೀಲಿಮಣೆಯ ವಿನ್ಯಾಸಗಳೂ ಉಚಿತವಾಗಿಯೇ ದೊರೆಯುತ್ತವೆ. ಹಾಲು ಕೊಡದ ಹಸುವನ್ನು ದಾನ ಮಾಡಿದಂತೆ ಕೆಟ್ಟ ಯಂತ್ರವನ್ನು ಮಠಕ್ಕೆ ತಂದಿಳಿಸಬಾರದಷ್ಟೆ. ದುರಸ್ತಿ ಮಾಡಿಸಿ ಕೊಡುವುದೂ ದಾನಿಯ ಕಾಯಕವೇ. ಪಾದಪೂಜೆಗೆ, ನಾಣ್ಯದ ತುಲಾಭಾರಕ್ಕೆ ವೆಚ್ಚ ಮಾಡುವವರು ಇದರ ಕಡೆಗೂ ಸ್ವಲ್ಪ ನೋಡಬಹುದು.

ಫ. ಗು. ಹಳಕಟ್ಟಿಯವರನ್ನು ಇಲ್ಲಿ ಸ್ಮರಿಸದೆ ಇರಲಾರೆ. ತಾಡವೋಲೆಯ ಕಟ್ಟುಗಳಾಗಿ ದೇವರ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ವಚನಗಳನ್ನು ಅವರು ಮನೆಮನೆ ತಿರುಗಿ ಸಂಗ್ರಹಿಸಿದರು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ ಅಚ್ಚು ಹಾಕಿಸಿದರು. ಓಲೆಯನ್ನು ಪೂಜಿಸುತ್ತಿದ್ದವರಿಗೆ ಓದುವ ಅವಕಾಶ ದೊರೆತದ್ದು ಆಗ. ಇಂದು ಎಷ್ಟೋ ಶಾಲೆಗಳ ಗಣಕ ಕೊಠಡಿಗಳಲ್ಲಿ ನಾನು ಕಾಣುವ ನೋಟ ಆ ಓಲೆಕಟ್ಟಿನದೇ. ಯಂತ್ರಗಳ ಮೇಲೆ ಬಟ್ಟೆ, ಆಯುಧಪೂಜೆಯ ವಿಭೂತಿ ಕುಂಕುಮ, ಬಾಗಿಲಿಗೆ ಬೀಗ. ಮಕ್ಕಳು ಕೆಡಿಸಿಯಾರೆಂಬ ಅಂಜಿಕೆ.

ನಮ್ಮ ಪ್ರಸಾದ ನಿಲಯಗಳಲ್ಲಿ ಆ ಬೀಗ ಬೇಡ. ಸಂಜೆಯ ಪ್ರಾರ್ಥನೆ ಮುಗಿದಂದಿನಿಂದ ಮಲಗುವ ಗಂಟೆಯವರೆಗೆ ಕೊಠಡಿ ತೆರೆದಿರಲಿ, ಹಿರಿಯ ವಿದ್ಯಾರ್ಥಿಯೊಬ್ಬ ನೋಡಿಕೊಳ್ಳಲಿ, ಸರದಿಯ ಪುಸ್ತಕವೊಂದಿರಲಿ. ಊರಿನ ಹೆಣ್ಣುಮಕ್ಕಳಿಗೆ ಶಾಲೆ ಬಿಟ್ಟೊಡನೆ, ರೊಟ್ಟಿಯ ಹೊತ್ತಿಗೆ ಮುಂಚೆ, ಮೊದಲ ಸರದಿ ಮೀಸಲಾಗಲಿ.